ಖಾಲಿ ಕೊಡದ ನಡಿಗೆ

ನಾನು ಜನರನ್ನು ಮುಖ ನೋಡಿ ಗುರುತಿಸುವುದು ಕಡಿಮೆ, ನಡಿಗೆ ನೋಡಿ ಗುರುತಿಸುವುದೇ ಹೆಚ್ಚು. ಅರ್ಧ ಆಯುಷ್ಯ ಪಿ.ಟಿ. ಟೀಚರ್ ಆಗಿ ಬಿಸಿಲಿನಲ್ಲಿ ಶಿಟಿ ಊದುತ್ತ ನಿಂತವಳಿಗೆ ಇನ್ಯಾವ ವಿದ್ಯೆ ಬರಬೇಕು? ಎದುರಿಗೆ ಬರುವವನು ಹಿಮ್ಮಡಿ ಊರುವುದನ್ನು ನೋಡಿಯೇ ಇವನಿಗೆ ಸೊಂಟನೋವು, ಇವನು ಮೈಗಳ್ಳ, ಇವನು ಹೆಂಡತಿಯ ಜೊತೆ ಜಗಳ ತೆಗೆದು ಬಂದಿದ್ದಾನೆ ಎಂದು ಹೇಳಿಬಿಡುತ್ತೇನೆ. ನನ್ನ ಗಂಡ ಆನಂದತೀರ್ಥರು ಮಾತ್ರ ಇದನ್ನು ನಂಬುವುದಿಲ್ಲ. ಅವರು ನಡೆಯುವುದೇ ಇಲ್ಲವಲ್ಲ, ಅವರಿಗೆ ಹೇಗೆ ತಿಳಿಯಬೇಕು!

ನಾವು ಧಾರವಾಡದವರು. ಅವರಿಗೆ ಗಣಿ ಕಂಪನಿಯೊಂದರ ಆಫೀಸಿನಲ್ಲಿ ನೌಕರಿಯಾಯಿತೆಂದು ಗೋವೆಗೆ ಬಂದು, ಉಸಗಾಂವದಿಂದ ಒಳಕ್ಕೆ ಹೋದರೆ ಸಿಗುವ ಕಾಜುಮಳದಲ್ಲಿ ಮನೆ ಮಾಡಿದೆವು. ನಾನು ಅಲ್ಲಿಯ ಹೈಸ್ಕೂಲಿಗೆ ಸೇರಿಕೊಂಡೆ. ಊರಿನ ಒಂದು ಕಡೆ ಗೋವೆಯವರ ಹೆಂಚಿನ ಮನೆಗಳು, ಇನ್ನೊಂದು ಕಡೆ ಬಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಸಾಲುಮನೆಗಳ ಚಾಳು, ನಡುವೆ ಅದಿರು ತುಂಬಿದ ಲಾರಿಗಳು ಓಡುವ ಕೆಂಪು ರಸ್ತೆ. ರಸ್ತೆಯ ಪಕ್ಕದಲ್ಲಿ ಫುಟ್‌ಬಾಲ್ ಮೈದಾನ. ಇಡೀ ಊರಿನಲ್ಲಿ ಸಪಾಟಾದ ಜಾಗವೆಂದರೆ ಅದೊಂದೇ. ಅದಕ್ಕೂ ಸುತ್ತ ಕಲ್ಲಿನ ಗೋಡೆ, ಸಣ್ಣದೊಂದು ಗೇಟು, ಗೇಟಿಗೆ ಬೀಗ.

೨೦೦೮ರ ಚಳಿಗಾಲದಲ್ಲಿ ಆರೋಗ್ಯ ಕೇಂದ್ರಕ್ಕೆ ಶ್ರೀರಂಜನಿ ಎಂಬ ಹೊಸ ಡಾಕ್ಟರ್ ಬಂದಳು. ಕಾರವಾರದ ಹುಡುಗಿ, ಚುರುಕು. ಚಾಳಿನ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಹೆಚ್ಚುತ್ತಿದೆ, ಬರೀ ಗುಳಿಗೆ ನುಂಗಿಸಿದರೆ ಆಗುವುದಿಲ್ಲ, ಇವರನ್ನು ನಡೆಸಬೇಕು ಎನ್ನುತ್ತ ಒಂದು ಸಂಜೆ ನಮ್ಮ ಮನೆಗೇ ಬಂದಳು. "ನಾನು ತಪಾಸಣೆ ಮಾಡ್ತೇನೆ, ನೀವು ನಡೆಸಿ, ಕನ್ನಡ ಸಂಘದವರು ಜನರನ್ನು ಕರೆತರಲಿ," ಎಂದಳು. ಕನ್ನಡ ಸಂಘದ ಅಧ್ಯಕ್ಷರೆಂದರೆ ನಮ್ಮ ಯಜಮಾನರೇ. ಅವರು ಆಗಲೇ ಮನಸ್ಸಿನಲ್ಲಿ ಬ್ಯಾನರು ಬರೆಸಲು ಶುರುಮಾಡಿದ್ದರು.

ಉದ್ಘಾಟನೆ ಜೋರಾಗಿಯೇ ಆಯಿತು. ಎಲ್ಲರಿಗೂ ಬಿಳಿ ಟೋಪಿ ಹಂಚಲಾಯಿತು. ಆನಂದತೀರ್ಥರು ನಡಿಗೆಯ ಮಹತ್ವದ ಮೇಲೆ ಮಾತನಾಡಿದರು. ಅವರ ಮಾತು ಮುಗಿಯುವಷ್ಟರಲ್ಲಿ ನಾವು ಪೋಂಡಾ ಪೇಟೆಗೆ ನಡೆದುಹೋಗಿ ಬರಬಹುದಿತ್ತು. ಆಮೇಲೆ ರಸ್ತೆಯ ತಿರುವಿನ ತನಕ ನಡೆದು, ಫೋಟೋ ತೆಗೆಸಿಕೊಂಡು, ವಾಪಸು ಬಂದು ಎಲ್ಲರೂ ಸಕ್ಕರೆ ಸುರಿದ ರವೆಯ ಶಿರಾ ತಿಂದರು. ಸಕ್ಕರೆ ಕಾಯಿಲೆಯವರ ನಡಿಗೆಗೆ ಶಿರಾ! ಡಾಕ್ಟರ್ ಹುಡುಗಿ ಹಣೆ ಚಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಕೊರಳಿಗೆ ಶಿಟಿ ಹಾಕಿಕೊಂಡು ಚಾಳಿನ ಮುಂದೆ ನಿಂತೆ. ಒಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಿಳಿ ಟೋಪಿಗಳು ಮಾತ್ರ ಒಲೆಯ ಮುಂದೆ ಪಾತ್ರೆ ಇಳಿಸುವ ಬಟ್ಟೆಯಾಗಿ ಕಂಡವು. ನನಗೆ ಸಿಟ್ಟು ಬಂದರೆ ತಡೆದುಕೊಳ್ಳುವ ಅಭ್ಯಾಸವಿಲ್ಲ. ನೇರವಾಗಿ ಒಳಗೆ ನುಗ್ಗಿದೆ.

ಮೊದಲ ಬಾಗಿಲು ಸತ್ಯವ್ವನದು. ಲಾರಿ ಡ್ರೈವರುಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಬೆಳಗಿನಿಂದ ಮಧ್ಯಾಹ್ನದ ತನಕ ಒಲೆಯ ಮುಂದೆ ಕಾಲು ಮಡಚಿ ಕೂತು, ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು. ಅವಳ ನಡಿಗೆ ನನಗೆ ಗೊತ್ತಿತ್ತು. ನೆಲ ತನ್ನದಲ್ಲವೇನೋ ಎಂಬಂತೆ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸಿ ಇಡುತ್ತಿದ್ದಳು.

"ಯಾಕ ಬರಲಿಲ್ಲ? ಕಾಲಿಲ್ಲೇನು ನಿನಗ?" ಎಂದು ಗದರಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅದಾವ್ರಿ ಟೀಚರ್. ಅವು ಇರಲಿ ಅಂತನ ನನ್ನ ಚಿಂತಿ."

ಆಮೇಲೆ ಹೇಳಿದಳು. ಅವಳ ಅಕ್ಕ ರಾಮಿಬಾಯಿ ಘಟ್ಟದ ಮೇಲಿನ ತಮ್ಮ ಊರಿನಲ್ಲಿದ್ದಳು. ಸಕ್ಕರೆ ಕಾಯಿಲೆಗೆ ಲಕ್ಷ್ಯ ಕೊಡದೆ, ಕಾಲಿಗೆ ಆದ ಗಾಯ ಮಾಯದೆ, ಕೊನೆಗೆ ಪಾದವನ್ನೇ ತೆಗೆಸಬೇಕಾಯಿತು. ಈಗ ಸತ್ಯವ್ವನ ರಕ್ತದಲ್ಲಿಯೂ ಅದೇ ಸಕ್ಕರೆ.

"ಮುಂಜಾನೆ ಎತ್ತಿ ಕಟ್ಟಿ ಮ್ಯಾಲ ಕುಂದ್ರಸ್ತಾರ್ರಿ, ಸಂಜಿಕ ಎತ್ತಿ ಒಳಗ ಒಯ್ತಾರ. ನಮ್ಮಕ್ಕ ಓಡಿದ್ರ ನಾಯಿ ಹಿಂದ ಬೀಳತಿದ್ವು, ಅಂಥಾಕಿ. ನನಗ ಹಂಗ ಕುಂದ್ರೂದು ಬ್ಯಾಡ್ರಿ. ಸತ್ತರೂ ನಡಕೋಂತ ಹೋಗಿ ಸಾಯಬೇಕು."

"ಮತ್ತ ನಡಿಯವಾ! ಅದಕ್ಕಽ ಅಲ್ಲೇನು ಕರಿಲಿಕ್ಕತ್ತಿದ್ದು?"

"ಹ್ಯಾಂಗ ನಡೀಲ್ರಿ? ಹೆಣಮಗಳು ಕೈ ಬೀಸಿಕೋಂತ ರಸ್ತೆದಾಗ ಹೊಂಟ್ರ ಎಲ್ಲಿಗೆ ಅಂತ ಕೇಳತಾರ. ಎಲ್ಲಿಗೂ ಇಲ್ಲ, ಸುಮ್ನ ನಡ್ಯಾಕ ಅಂದ್ರ ಇಕಿ ತಲಿ ಕೆಟ್ಟೈತಿ ಅಂತಾರ್ರಿ. ನಮ್ಮ ಮನಿಯವರಿಗೆ ಈ ಸಕ್ಕರಿ ಸುದ್ದಿನ ಗೊತ್ತಿಲ್ಲ. ಗೊತ್ತಾದ್ರ ಊರಿಗೆ ಕಳಸಿಬಿಡ್ತಾರ. ಅಲ್ಲೆ ಅಕ್ಕನ ಬಾಜೂಕ ನನಗೂ ಒಂದು ಕಟ್ಟಿ."

ನನ್ನ ಸಿಟ್ಟು ಇಳಿಯಿತು. ನಾನು ಇಷ್ಟು ವರ್ಷ ಈ ಊರಿನ ರಸ್ತೆಯಲ್ಲಿ ಕೈ ಬೀಸಿ ನಡೆದಿದ್ದೆ. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ನನ್ನ ಕೊರಳಲ್ಲಿ ಶಿಟಿ ಇತ್ತು. ಅವಳಿಗೂ ಏನಾದರೊಂದು ಬೇಕಿತ್ತು, ಅಷ್ಟೇ. ಸುತ್ತ ನೋಡಿದೆ. ಮೂಲೆಯಲ್ಲಿ ಕೆಂಪು ಪ್ಲಾಸ್ಟಿಕ್ ಕೊಡ ಕಂಡಿತು.

"ನಾಳೆ ಆ ಕೊಡ ತಗೊಂಡು ಬಾ," ಎಂದೆ.

"ನೀರ್ ತುಂಬಾಕರಿ?"

"ಖಾಲೀದು. ಸೊಂಟದ ಮ್ಯಾಲೆ ಇಟ್ಕೊಂಡು ನಡಿ. ಯಾರು ಕೇಳ್ತಾರ ನೋಡೋಣು."

ಯಾರೂ ಕೇಳಲಿಲ್ಲ. ಕೊಡ ಹಿಡಿದ ಹೆಂಗಸನ್ನು ಈ ದೇಶದಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಆದರೆ ನಾನು ನೆನೆಸದಿದ್ದ ಇನ್ನೊಂದು ನಡೆಯಿತು. ಸತ್ಯವ್ವ ನಸುಕಿನಲ್ಲಿ ಕೊಡ ಹಿಡಿದು ಸರಸರ ಹೊರಟದ್ದನ್ನು ಕಂಡ ಚಾಳಿನ ಹೆಂಗಸರು, ಎಲ್ಲಿಯೋ ನೀರು ಬಂದಿದೆ, ಈಕೆ ಒಬ್ಬಳೇ ಗುಟ್ಟಾಗಿ ಹೊರಟಿದ್ದಾಳೆ ಎಂದು ತಮ್ಮ ತಮ್ಮ ಕೊಡ ಎತ್ತಿಕೊಂಡು ಹಿಂದೆಯೇ ಓಡಿ ಬಂದರು. ನಾನು ಕಾಯುತ್ತಿದ್ದ ರಸ್ತೆಯ ತಿರುವಿನಲ್ಲಿ ಅವಳನ್ನು ಹಿಡಿದರು. ನೀರಿಲ್ಲ, ಬರೀ ನಡಿಗೆ ಎಂದು ತಿಳಿದಾಗ ಅವರಲ್ಲೊಬ್ಬಳಾದ ಅಖ್ತರಬಾನು ನನಗೆ ಕೇಳುವ ಹಾಗೆಯೇ ಬೈದಳು. ಬೈಯುತ್ತಲೇ ನಮ್ಮ ಜೊತೆ ತಿರುವು ದಾಟಿ, ಬೈಯುತ್ತಲೇ ವಾಪಸು ಬಂದಳು. ಮರುದಿನ ಎಲ್ಲರಿಗಿಂತ ಮೊದಲು ಬಂದು ನಿಂತವಳೂ ಅವಳೇ.

ಆನಂದತೀರ್ಥರ ಭಾಷಣಕ್ಕೆ ಆಗದ ಕೆಲಸ ಖಾಲಿ ಕೊಡಕ್ಕೆ ಆಯಿತು. ಇದನ್ನು ನಾನು ಅವರಿಗೆ ಊಟದ ಹೊತ್ತಿನಲ್ಲಿ ಆಗಾಗ ನೆನಪಿಸುತ್ತಿದ್ದೆ.

ನನ್ನ ಕೈಗೆ ಜನ ಸಿಕ್ಕರೆ ಅವರನ್ನು ಸಾಲಿನಲ್ಲಿ ನಿಲ್ಲಿಸದೆ ನನಗೆ ಸಮಾಧಾನವಿಲ್ಲ. ಇಬ್ಬಿಬ್ಬರ ಸಾಲು ಮಾಡಿದೆ. ಕೊಡ ಒಂದೇ ಸೊಂಟದ ಮೇಲೆ ಕೂತರೆ ಬೆನ್ನು ಸೊಟ್ಟಗಾಗುತ್ತದೆ. ಆದ್ದರಿಂದ ಅರ್ಧ ದಾರಿಯಲ್ಲಿ ನಾನು ಶಿಟಿ ಊದಬೇಕು, ಎಲ್ಲರೂ ಒಟ್ಟಿಗೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಬೇಕು. ಕೆಂಪು, ನೀಲಿ, ಹಸಿರು ಕೊಡಗಳು ಒಂದೇ ಏಟಿಗೆ ಎಡದಿಂದ ಬಲಕ್ಕೆ ಹಾರುವುದನ್ನು ನೋಡಲು ನನಗೆ ಬಹಳ ಹೆಮ್ಮೆಯೆನಿಸುತ್ತಿತ್ತು.

ತೊಂದರೆ ಇದ್ದದ್ದು ರಸ್ತೆಯದು. ಬೆಳಕು ಹರಿಯುತ್ತಲೇ ಲಾರಿಗಳು ಶುರು. ಒಂದು ದಿನ ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕುವ ಭರದಲ್ಲಿ ನಮ್ಮ ಮೈಮೇಲೇ ಬಂದಂತಾಗಿ, ಸತ್ಯವ್ವ ಗಟಾರಕ್ಕೆ ಜಾರಿ ಬಿದ್ದಳು. ನಾನು ಮೊದಲು ನೋಡಿದ್ದು ಅವಳ ಕಾಲು. ಅವಳು ನೋಡಿದ್ದೂ ಅದನ್ನೇ. ಗಟಾರದಲ್ಲಿ ಕೂತೇ ಎರಡೂ ಪಾದ ಉಜ್ಜಿ ಉಜ್ಜಿ ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅತ್ತಳು.

ಅವತ್ತೇ ನಾನು ಉಲ್ಲಾಸನ ಹತ್ತಿರ ಹೋದೆ. ಉಲ್ಲಾಸ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ; ಸರಪಂಚಳಾದ ಶೆವಂತಿಬಾಯಿಯ ಮೈದುನ. ಕಾಜುಮಳದ ಅಧಿಕಾರವೆಲ್ಲ ಹೀಗೆ ಒಂದೇ ಅಂಗಳದಲ್ಲಿ ಒಣಗುತ್ತಿತ್ತು. ಬೆಳಿಗ್ಗೆ ಸ್ವಲ್ಪ ಹೊತ್ತು ಗೇಟು ತೆಗೆಯಿರಿ, ಗೋಡೆಯ ಒಳಗೆ ಸುತ್ತು ಹಾಕಿ ಹೋಗುತ್ತೇವೆ ಎಂದು ಕೊಂಕಣಿಯಲ್ಲಿ ಕೇಳಿಕೊಂಡೆ.

ಅವನು ತಲೆಯಾಡಿಸಿದ. ಬೇಸಿಗೆಯಲ್ಲಿ ಮೈದಾನ ಬರೀ ಧೂಳು, ಹುಡುಗರು ಕೆಮ್ಮುತ್ತ ಆಡುತ್ತಾರೆ, ಟೂರ್ನಮೆಂಟು ಹತ್ತಿರ ಬಂದಿದೆ, ಇನ್ನಷ್ಟು ಜನ ತುಳಿದರೆ ನೆಲ ಎದ್ದು ಹೋಗುತ್ತದೆ ಎಂದ. ಇಷ್ಟರ ತನಕ ನ್ಯಾಯವೇ. ಆದರೆ ಕೊನೆಗೆ, "ಈ ಘಾಂಟಿಗಳಿಗೆ ಗೇಟು ತೆಗೆದರೆ ನಾಳೆ ಅಲ್ಲೇ ಬಟ್ಟೆ ಒಣಗಹಾಕುತ್ತಾರೆ" ಎಂಬ ಮಾತೂ ಬಂತು. ಘಟ್ಟದ ಮೇಲಿನಿಂದ ಬಂದ ನಮ್ಮನ್ನೆಲ್ಲ ಇಲ್ಲಿ ಕರೆಯುವುದೇ ಹಾಗೆ. ನಾನೂ ಘಾಂಟಿಯೇ ಎಂದು ಹೇಳಿ ಎದ್ದು ಬಂದೆ. ಅವನ ಮುಖ ಸಣ್ಣದಾಯಿತು, ಆದರೆ ಬೀಗ ಬೀಗವಾಗಿಯೇ ಉಳಿಯಿತು.

ಹಾಗಾಗಿ ದಾರಿ ಬದಲಿಸಿದೆ. ಲಾರಿ ಬಾರದ ಸಣ್ಣ ರಸ್ತೆ ಹಿಡಿದು ಪಂಚಾಯತಿ ಕಟ್ಟಡದ ತನಕ ಹೋಗುವುದು, ಅದರ ಮುಂದಿನ ಕಟ್ಟೆಯ ಹತ್ತಿರ ಕೊಡ ಕೆಳಗಿಟ್ಟು ಕೈ ಎತ್ತಿಳಿಸುವ ವ್ಯಾಯಾಮ ಮಾಡುವುದು, ತಿರುಗಿ ಬರುವುದು. ನಾನು "ಒಂದು!" ಎಂದು ಕೂಗಬೇಕು, ಅವರು ಮುಷ್ಟಿ ಕಟ್ಟಿ ಕೈ ಮೇಲೆತ್ತಿ "ಎರಡು!" ಎಂದು ಕೂಗಬೇಕು. ಅಷ್ಟು ಬೆಳಿಗ್ಗೆ ಪಂಚಾಯತಿಯಲ್ಲಿ ಯಾರಿರುತ್ತಾರೆ?

ಆದರೆ ಪಂಚಾಯತಿಯ ಎದುರು ಮನೆ ಶೆವಂತಿಬಾಯಿಯದು. ಮತ್ತು ಅದು ಮಾರ್ಚ್ ತಿಂಗಳು. ಎರಡು ದಿನದ ಹಿಂದಷ್ಟೇ ಬೇರೊಂದು ಊರಿನ ಹೆಂಗಸರು ನಳದಲ್ಲಿ ನೀರಿಲ್ಲವೆಂದು ಖಾಲಿ ಕೊಡ ಹಿಡಿದು ಘಾಗರ ಮೋರ್ಚಾ, ಅಂದರೆ ಕೊಡಗಳ ಮೆರವಣಿಗೆ, ಹೋಗಿ, ಅಲ್ಲಿಯ ಸರಪಂಚನನ್ನು ಮಧ್ಯಾಹ್ನದ ತನಕ ಹೊರಗೆ ಬಿಟ್ಟಿರಲಿಲ್ಲ. ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ನಾನು ಪೇಪರಿನಲ್ಲಿ ಕ್ರೀಡಾಪುಟ ಬಿಟ್ಟು ಬೇರೇನೂ ಓದುವುದಿಲ್ಲ.

ಹೊಸ ದಾರಿಯ ಮೊದಲ ದಿನವೇ ಶೆವಂತಿಬಾಯಿ ಎದ್ದು ಕಿಟಕಿ ತೆರೆದಾಗ ಕಂಡದ್ದು ಇದು: ಇಬ್ಬಿಬ್ಬರ ಸಾಲಿನಲ್ಲಿ ಇಡೀ ಚಾಳು, ಮುಂದೆ ಖಾಲಿ ಕೊಡಗಳು, ಎಲ್ಲರೂ ಮುಷ್ಟಿ ಎತ್ತಿ ಏನನ್ನೋ ಕೂಗುತ್ತಿದ್ದಾರೆ, ನಡುವೆ ಶಿಟಿ ಊದುತ್ತಿರುವ ನಾಯಕಿ.

ಅವಳು ಕೂದಲು ಕಟ್ಟಿಕೊಳ್ಳುವುದಕ್ಕೂ ನಿಲ್ಲದೆ ಓಡಿ ಬಂದಳು. ಹಿಂದೆ ಲುಂಗಿ ಎತ್ತಿಕಟ್ಟಿಕೊಂಡು ಉಲ್ಲಾಸ. "ಉದಾಕ್ ಯೆತಾ! ಉದಾಕ್ ಯೆತಾ!" ಎಂದು ಕೈ ಮುಗಿದಳು. ನೀರು ಬರುತ್ತದೆ, ಟ್ಯಾಂಕರಿಗೆ ಫೋನು ಹೋಗಿದೆ, ದಯವಿಟ್ಟು ಧರಣಿ ಕೂರಬೇಡಿ, ಪೇಪರಿನವರನ್ನು ಕರೆಯಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ. ನನ್ನ ನಗು ಕಂಡು ಅವಳು ಇನ್ನಷ್ಟು ಹೆದರಿದಳು.

ಅಷ್ಟರಲ್ಲಿ ಹಾರ್ನು ಹೊಡೆಯುತ್ತ ಟ್ಯಾಂಕರು ಬಂದೇಬಿಟ್ಟಿತು. ಅವಸರದಲ್ಲಿ ಸಿಕ್ಕಿದ್ದು ಕುಡಿಯುವ ನೀರಿನದಲ್ಲ. ಲಾರಿಗಳ ಧೂಳು ಏಳದಂತೆ ರಸ್ತೆಗೆ ನೀರು ಹೊಡೆಯುವ ಗಣಿಯ ಟ್ಯಾಂಕರು. ಅದನ್ನು ಓಡಿಸುವವನು ಗಂಗಪ್ಪ, ಸತ್ಯವ್ವನ ಗಂಡ. ಅವನು ದಿನಾ ನಸುಕಿಗೂ ಮೊದಲೇ ಗಣಿಯ ಕಡೆ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ ಎಂದೇ ಅವನ ತಿಳಿವಳಿಕೆ.

ಇಳಿದವನು ಸಾಲಿನ ಮುಂದೆಯೇ ಅವಳನ್ನು ಕಂಡ. "ನೀ ಇಲ್ಲೇನ್ ಮಾಡಾಕತ್ತೀ?" ಎಂದ. "ನಮ್ಮ ನಳಕ್ಕ ಈಗ ನೀರ್ ಬರಾಕತ್ತೈತಲ್ಲ!"

ಅವನ ಮಾತಿನಲ್ಲಿ 'ನಳ' ಎಂಬುದು ಶೆವಂತಿಬಾಯಿಗೂ ತಿಳಿಯಿತು. ನೀರಿದ್ದರೆ ಮತ್ತೆ ಇವರೇಕೆ ಬಂದರು ಎಂದು ಅವಳು ನನ್ನತ್ತ ತಿರುಗಿದಳು. ನಾನು ಬಾಯಿ ತೆರೆಯುವ ಮೊದಲೇ ಸತ್ಯವ್ವ ಸಾಲು ಬಿಟ್ಟು ಮುಂದೆ ಬಂದಳು. ಹೆಜ್ಜೆ ಗಟ್ಟಿಯಾಗಿತ್ತು, ನಾನು ನೋಡಿದೆ.

"ನೀರಿಗೆ ಬಂದಿಲ್ಲ. ನಡ್ಯಾಕ ಬಂದೇನಿ."

"ನಡ್ಯಾಕ? ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನನಗ ಸಕ್ಕರಿ ಐತಿ. ಅಕ್ಕಗ ಇತ್ತಲ್ಲ, ಅದನ. ನಿಮಗ ಹೇಳಿಲ್ಲ, ಹೇಳಿದ್ರ ಊರಿಗೆ ಕಳಸ್ತಿದ್ರಿ. ನನ್ನ ಕಾಲು ನನಗ ಬೇಕು. ಅದಕ್ಕ ನಡ್ಯಾಕತ್ತೇನಿ."

ಗಂಗಪ್ಪ ಟ್ಯಾಂಕರಿನ ಬಾಗಿಲು ಹಿಡಿದು ನಿಂತುಬಿಟ್ಟ. ಅವನಿಗೆ ಬಯ್ಯಬೇಕೋ ಸಮಾಧಾನ ಹೇಳಬೇಕೋ ತಿಳಿಯದಂತಿತ್ತು. ಸತ್ಯವ್ವ ಅವನಿಗಾಗಿ ಕಾಯಲಿಲ್ಲ. ಶೆವಂತಿಬಾಯಿಯ ಕಡೆ ತಿರುಗಿ, ಮೈದಾನದತ್ತ ಕೈ ತೋರಿಸಿ, ಸಂತೆಯಲ್ಲಿ ಕಲಿತ ಹಿಂದಿಯಲ್ಲಿ ಹೇಳಿದಳು:

"ಪಾನಿ ನಕೋ ಬಾಯಿ. ವೋ ಗೇಟ್ ಖೋಲೋ."

ಈಗ ನನ್ನ ಸರದಿ. ಇಂಥ ಹೊತ್ತು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಶೆವಂತಿಬಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ಡಾಕ್ಟರು, ಸಕ್ಕರೆ, ಲಾರಿ, ಗಟಾರ, ಬೀಗ. ಅವಳು ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತಳು. ಅವಳ ನಡಿಗೆಯನ್ನೂ ನಾನು ಬಲ್ಲೆ. ಎಡ ಮೊಣಕಾಲಿನ ಮೇಲೆ ನಂಬಿಕೆಯಿಲ್ಲದ ನಡಿಗೆ. "ನಮ್ಮ ವಾಡೆಯ, ಈ ಹೆಂಚಿನ ಮನೆಗಳ ಹೆಂಗಸರೂ ಬರಬಹುದೇ?" ಎಂದು ಕೇಳಿದಳು. "ನೀವು ಮೊದಲು ಬರಬೇಕು," ಎಂದೆ.

ಉಲ್ಲಾಸ ಮತ್ತೆ ಧೂಳಿನ ರಾಗ ತೆಗೆದ. ನಾನು ಟ್ಯಾಂಕರಿನ ಹೊಟ್ಟೆಗೆ ಕೈಯಿಂದ ಬಡಿದೆ. ರಸ್ತೆಯ ಧೂಳಿಗೆ ನೀರಿದೆ, ಮೈದಾನದ ಧೂಳಿಗೆ ಇಲ್ಲವೇ? ಬಂದ ನೀರನ್ನು ವಾಪಸು ಕಳಿಸುವುದೇಕೆ ಎಂದೆ. ಟ್ಯಾಂಕರು ಆ ಸಣ್ಣ ಗೇಟಿನೊಳಗೆ ಹೋಗುವುದಿಲ್ಲ, ಹೋದರೂ ಗಾಲಿಯಿಂದ ನೆಲ ಕಿತ್ತುಹೋಗುತ್ತದೆ ಎಂದು ಅವನು ಹೇಳುತ್ತಿದ್ದಂತೆಯೇ ಅಖ್ತರಬಾನು ತನ್ನ ಹಸಿರು ಕೊಡ ಎತ್ತಿ ಅವನ ಮುಖದ ಮುಂದೆ ಹಿಡಿದಳು. ಮಾತು ಅಲ್ಲಿಗೆ ಮುಗಿಯಿತು. ಬೀಗದ ಕೈ ಅವನ ಲುಂಗಿಯ ಗಂಟಿನಲ್ಲಿಯೇ ಇತ್ತು.

ಗೇಟಿನ ಹೊರಗೆ ಬಂದು ನಿಂತ ಟ್ಯಾಂಕರಿನಿಂದ ಅವತ್ತು ಕೊಡಗಳು ಮೊದಲ ಸಲ ತುಂಬಿದವು. ನಮ್ಮ ಕಡೆಯ ಹೆಂಗಸರಿಗೆ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ ಥಳಿ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಚಾಳಿನಲ್ಲಿ ಅಂಗಳವೇ ಇಲ್ಲವಾದ್ದರಿಂದ ವರ್ಷಗಟ್ಟಲೆ ಆ ಕೈಗಳಿಗೆ ಕೆಲಸವಿರಲಿಲ್ಲ. ಗೇಟಿನಿಂದ ಗೋಲಿನ ಕಂಬಕ್ಕೆ, ಕಂಬದಿಂದ ಗೇಟಿಗೆ ನೀರು ಹೊತ್ತು, ಚಿಮುಕಿಸಿ, ಇಡೀ ಮೈದಾನವನ್ನು ಒಂದು ಅಂಗಳ ಮಾಡಿಬಿಟ್ಟರು. ಉಲ್ಲಾಸನ ಹುಡುಗರು ಬಂದು ಒದ್ದೆ ಮಣ್ಣಿನ ವಾಸನೆಗೆ ಮೂಗರಳಿಸಿ ನಿಂತರು.

ನಾನು ಅಲ್ಲಿಯೇ ನಿಂತು ಕರಾರು ಮಾಡಿಸಿದೆ. ಬೆಳಿಗ್ಗೆ ಮೊದಲು ಹೆಂಗಸರು, ಆಮೇಲೆ ಹುಡುಗರು. ಗೇಟು ಕ್ಲಬ್ಬಿನದು, ನೀರು ಪಂಚಾಯತಿ ಹೇಳಿ ತರಿಸಬೇಕು, ಥಳಿ ಚಾಳಿನವರದು, ಶಿಟಿ ನನ್ನದು. ಶನಿವಾರ ಡಾಕ್ಟರ್ ಶ್ರೀರಂಜನಿ ಗೋಲಿನ ಪಕ್ಕದಲ್ಲಿ ಮೇಜು ಹಾಕಿ ರಕ್ತ ನೋಡಬೇಕು. ಗಣಿಯ ಟ್ಯಾಂಕರಿಗೆ ಆಫೀಸಿನ ಒಪ್ಪಿಗೆ ಬೇಕಿತ್ತು. ಮನೆಗೆ ಬಂದು ಆನಂದತೀರ್ಥರಿಗೆ, "ಭಾಷಣ ಬ್ಯಾಡ. ಒಪ್ಪಿಗಿ ಒಂದು ತಂದುಕೊಡ್ರಿ," ಎಂದೆ. ತಂದುಕೊಟ್ಟರು. ಅವರ ಬಗ್ಗೆ ನನಗೆ ಅವತ್ತು ಪ್ರೀತಿ ಉಕ್ಕಿತು ಎಂದು ಹೇಳಲು ನಾಚಿಕೆಯೇನೂ ಇಲ್ಲ.

ಎಪ್ರಿಲ್, ಮೇ ಹೀಗೆಯೇ ನಡೆಯಿತು. ಶೆವಂತಿಬಾಯಿ ತನ್ನ ವಾಡೆಯ ಹೆಂಗಸರನ್ನು ಕರೆದುಕೊಂಡು ಬಂದಳು. ಅವರೂ ಮೊದಲ ದಿನ ಕೈಯಲ್ಲಿ ಏನಾದರೂ ಇರಲಿ ಎಂದು ತಾಮ್ರದ ಬಿಂದಿಗೆ ಹಿಡಿದೇ ಬಂದಿದ್ದರು! ಒಂದು ಬೆಳಿಗ್ಗೆ ಥಳಿ ಹೊಡೆದ ಹುರುಪಿನಲ್ಲಿ ಸತ್ಯವ್ವ ಪೆನಾಲ್ಟಿ ಹೊಡೆಯುವ ಜಾಗದಲ್ಲಿ ಪುಟ್ಟದೊಂದು ರಂಗೋಲಿ ಬಿಟ್ಟಳು. ಆ ದಿನ ಪೆನಾಲ್ಟಿ ಸಿಕ್ಕಿದ ಆಟಗಾರ ಅದನ್ನು ತುಳಿಯಲು ಮನಸ್ಸು ಬಾರದೆ ಚೆಂಡನ್ನು ಪಕ್ಕದಲ್ಲಿಟ್ಟು ಹೊಡೆದ, ಅದು ಗೋಡೆ ದಾಟಿ ಹೋಯಿತು. ಉಲ್ಲಾಸ ನನ್ನ ಹತ್ತಿರ ದೂರು ತಂದ. ಆದರೆ ನಗುತ್ತಿದ್ದ.

ಗಂಗಪ್ಪ ಮಾತ್ರ ನಗಲಿಲ್ಲ. ದಿನಾ ಟ್ಯಾಂಕರು ತಂದು ನಿಲ್ಲಿಸಿ, ಮುಖ ತಿರುಗಿಸಿಕೊಂಡು ಬೀಡಿ ಸೇದುತ್ತಿದ್ದ. ಒಂದು ದಿನ ನಾನೇ ಕೆದಕಿದೆ.

"ಊರ ಮಂದಿ ಮುಂದೆಲ್ಲ ಹೇಳ್ಯಾಳ್ರಿ, ನನಗೊಬ್ಬಗ ಹೇಳಿಲ್ಲ," ಎಂದ.

"ಹೇಳಿದ್ರ ಏನ್ ಮಾಡ್ತಿದ್ದೆಪಾ?"

ಅವನು ಬೀಡಿ ಆರಿಸಿದ. "ಮಳಿಗಾಲಕ್ಕ ಹ್ಯಾಂಗೂ ಊರಿಗೆ ಹೋಗೂದೈತ್ರಿ. ಗಣಿ ಬಂದ್ ಆಗ್ತೈತಿ, ಟ್ಯಾಂಕರಿಗೂ ಕೆಲಸಿಲ್ಲ. ಅಕಿನ್ನ ಅಲ್ಲೇ ಬಿಟ್ಟು ಬರಬೇಕಂತ ಮಾಡೇನಿ. ಅಕ್ಕ ಅದಾಳ, ನೋಡ್ಕೊಂತಾಳ."

"ಅಕ್ಕನ್ನ ಇನ್ನೊಬ್ಬರು ಎತ್ತಿ ಕೂಡಸ್ತಾರ. ಅಕಿ ಇಕಿನ್ನ ನೋಡ್ಕೋತಾಳೇನು? ಮಾತಾಡೂದಕ್ಕಿಂತ ಮೊದಲ ಸ್ವಲ್ಪ ವಿಚಾರ ಮಾಡು," ಎಂದು ಬೈದೆ. ಅವನು ಟ್ಯಾಂಕರು ಹತ್ತಿ ಹೊರಟುಹೋದ. ಬೈದದ್ದು ಹೆಚ್ಚಾಯಿತೆಂದು ನನಗೇನೂ ಅನ್ನಿಸಲಿಲ್ಲ. ಆದರೆ ಹೆದರಿಕೆಯಾಯಿತು.

ಮೇ ಕೊನೆಯ ಶನಿವಾರ ಡಾಕ್ಟರ್ ಹುಡುಗಿ ಸತ್ಯವ್ವನ ರಕ್ತ ನೋಡಿ, ಪಾದಗಳನ್ನು ಮುಟ್ಟಿ ಮುಟ್ಟಿ ನೋಡಿ, ಸಕ್ಕರೆ ಇಳಿದಿದೆ, ಕಾಲು ಚೆನ್ನಾಗಿವೆ, ನಡಿಗೆ ಒಂದು ದಿನವೂ ಬಿಡಬಾರದು, ಊರಿಗೆ ಹೋದರೂ ಬಿಡಬಾರದು ಎಂದಳು.

"ಊರಾಗ ಯಾರ ಜೋಡಿ ನಡೀಲ್ರಿ?" ಎಂದಳು ಸತ್ಯವ್ವ. "ಅಕ್ಕನ ಜೋಡಿ?"

ಡಾಕ್ಟರ್ ತಲೆ ತಗ್ಗಿಸಿ ಅವಳ ಚಪ್ಪಲಿಯನ್ನು ನೋಡುತ್ತ ಕೂತಳು. ಮುಂದಿನ ವಾರ ತಾನೇ ಹೋಗಿ ಪೋಂಡಾದಿಂದ ಮೆತ್ತನೆಯ ಬೂಟು ತಂದುಕೊಟ್ಟಳು.

ಜೂನ್ ಬಂತು. ಮಳೆ ಹಿಡಿಯಿತೆಂದರೆ ಹಿಡಿದೇಬಿಟ್ಟಿತು. ಲಾರಿಗಳು ನಿಂತವು. ಚಾಳಿನ ಅರ್ಧ ಬಾಗಿಲಿಗೆ ಬೀಗ ಬಿತ್ತು. ಜನ ಗಂಟುಮೂಟೆ ಕಟ್ಟಿ ಬಿತ್ತನೆಗೆಂದು ಬಸ್ಸು ಹತ್ತಿದರು. ಮಳೆ ಸುರಿಯುವಾಗ ಧೂಳಿಲ್ಲ, ಥಳಿ ಬೇಡ, ಕೊಡ ಬೇಡ. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಕೊಡದ ನೆಪ ಹೋದ ಮೇಲೆ ಈ ಹೆಂಗಸರು ಯಾಕೆ ಬರುತ್ತಾರೆ?

ಮೊದಲ ದೊಡ್ಡ ಮಳೆಯ ಮರುದಿನ, ತುಂತುರು ಬೀಳುತ್ತಿದ್ದಾಗ, ಕೊಡೆ ಹಿಡಿದು ಮೈದಾನದ ಗೇಟಿನಲ್ಲಿ ನಿಂತೆ. ಉಲ್ಲಾಸ ಬೀಗ ತೆಗೆದು ಹೋಗಿದ್ದ. ಶೆವಂತಿಬಾಯಿ ಗೋಡೆಯ ಬದಿಯಲ್ಲಿ ಮೊಣಕಾಲು ತಿಕ್ಕುತ್ತ ಕಾಯುತ್ತಿದ್ದಳು. ಚಾಳಿನ ಕಡೆಯಿಂದ ಯಾರೂ ಕಾಣಲಿಲ್ಲ. ಬೆಳಗಿನ ಬಸ್ಸು ಹಾರ್ನು ಹೊಡೆದು ಹೋದದ್ದು ಕೇಳಿಸಿತು. ಅದು ಹುಬ್ಬಳ್ಳಿಯ ಬಸ್ಸು. ಗಂಗಪ್ಪ ಹೋಗುವುದಾದರೆ ಅದರಲ್ಲಿಯೇ ಹೋಗಬೇಕು. ನನಗೆ ಅಳು ಬಂದಂತಾಯಿತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಯಾರೂ ಇಲ್ಲದ ರಸ್ತೆಗೆ ಒಮ್ಮೆ ಜೋರಾಗಿ ಶಿಟಿ ಊದಿದೆ.

ರಸ್ತೆಯ ತಿರುವಿನಲ್ಲಿ ಯಾರೋ ಕಾಣಿಸಿದರು. ಮಳೆಯಲ್ಲಿ ಮುಖ ಕಾಣುತ್ತಿರಲಿಲ್ಲ, ನನಗೆ ಮುಖ ಬೇಕಾಗಿಯೂ ಇರಲಿಲ್ಲ. ಹಿಮ್ಮಡಿ ಒತ್ತಿ ಊರಿ, ನೆಲವನ್ನು ಕೇಳದೆ ಹೆಜ್ಜೆ ಇಡುವ ನಡಿಗೆ. ಆದರೂ ಅದು ಯಾರದೆಂದು ಒಂದು ಕ್ಷಣ ಗುರುತೇ ಸಿಗಲಿಲ್ಲ. ಯಾಕೆಂದರೆ ಎರಡೂ ಕೈ ಖಾಲಿಯಿದ್ದವು. ಸತ್ಯವ್ವ ಸೀರೆ ಎತ್ತಿ ಕಟ್ಟಿ, ಬೂಟು ಹಾಕಿಕೊಂಡು, ಕೈ ಬೀಸುತ್ತ ನಡುರಸ್ತೆಯಲ್ಲಿ ಬರುತ್ತಿದ್ದಳು.

ಅವಳ ಹಿಂದೆ ನಾಲ್ಕು ಮಾರು ದೂರದಲ್ಲಿ ಗಂಗಪ್ಪ. ಅವನ ತೋಳಿನಲ್ಲಿ ಕೆಂಪು ಪ್ಲಾಸ್ಟಿಕ್ ಕೊಡ.

"ಊರಿಗೆ ಹೋಗ್ಲಿಲ್ಲೇನು?" ಎಂದು ಕೇಳಿದೆ.

"ಇಲ್ರಿ. ಅವರಽ ಬ್ಯಾಡಂದ್ರು. ಮಳಿಗಾಲದಾಗ ಇಲ್ಲೇ ಏನರ ಕೆಲಸ ನೋಡ್ತಾರಂತ."

"ಮತ್ತ ಕೊಡ? ಈ ಮಳ್ಯಾಗ ಕೊಡ ಯಾಕ?"

ಸತ್ಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ನೋಡಿದಳು. "ನಮ್ಮ ಮನಿಯವರೂ ನಡೀತಾರಂತ್ರಿ. ಆದ್ರ ಹೆಂಡತಿ ಹಿಂದ ಸುಮ್ನ ಕೈ ಬೀಸಿಕೋಂತ ಬರಾಕ ನಾಚಿಕಿ ಅಂತ. ಅದಕ್ಕ ಕೊಡ ಅವರ ಕೈಯಾಗ ಕೊಟ್ಟೇನಿ."

ಗಂಗಪ್ಪ ನನ್ನ ಮುಖ ನೋಡಲಿಲ್ಲ. ಗೇಟು ದಾಟಿ ಸಾಲಿನ ಕೊನೆಯಲ್ಲಿ ನಿಂತ. ಆ ಹೊತ್ತಿಗೆ ಅಖ್ತರಬಾನುವೂ ಇನ್ನಿಬ್ಬರೂ ಬೈಯುತ್ತ ಬಂದು ಸೇರಿಕೊಂಡರು, ಶೆವಂತಿಬಾಯಿ ಮುಂದೆ ಬಂದಳು. ಕೆಸರಿನಲ್ಲಿ ನಡಿಗೆ ಶುರುವಾಯಿತು. ದೂರದ ಗೋಲಿನ ಕಂಬ ಮುಟ್ಟಿದಾಗ ನಾನು ಎಂದಿನಂತೆ ಶಿಟಿ ಊದಿದೆ. ಎಲ್ಲ ಹೆಂಗಸರೂ ಖಾಲಿ ಕೈ ಬೀಸುತ್ತ ಮುಂದೆ ಹೋದರು. ಹಿಂದೆ ಗಂಗಪ್ಪ ಒಬ್ಬನೇ ನಿಂತು, ಕೊಡವನ್ನು ಎಡದಿಂದ ಬಲಕ್ಕೆ ಬದಲಿಸಿಕೊಂಡು, ಹೆಂಡತಿಯ ಹಿಂದೆ ದಾಪುಗಾಲು ಹಾಕಿದ.